ಕೊನೆ ತೂಬಿಗೆ ನೀರು ತಂದ ಪ್ರಶ್ನೆ: ನನ್ನ ಅನುಭವ

ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿಸಿದರೆ ನಾಲೆಗೆ ನೀರು ಬರುವುದಿಲ್ಲ ಎಂದು ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಜನ ನನಗೆ ಮುಖಕ್ಕೇ ಹೇಳಿದ್ದರು. ಬಂತು. ಹೋದ ಮುಂಗಾರಿನ ಕಟ್ಟು ನೀರಿನಲ್ಲಿ, ಅಂದರೆ ಸರದಿಯಂತೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರಿನಲ್ಲಿ, ನಮ್ಮ ವಿತರಣಾ ನಾಲೆಯ ಕೊನೆಯ ತೂಬಿನ (ಗದ್ದೆಗಳ ಕಡೆಗೆ ನೀರು ಬಿಡುವ ಬಾಗಿಲಿನ) ತನಕ ನೀರು ಹರಿಯಿತು. ರಾತ್ರಿ ಟಾರ್ಚ್ ಹಿಡಿದು ಮೇಲಿನ ತೂಬು ಕಾಯುವ ಕೆಲಸವೂ ತಪ್ಪಿತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಂದು ಅವಧಿ ಶಾಸಕರೊಬ್ಬರ ಆಪ್ತ ಸಹಾಯಕನಾಗಿದ್ದವನು. ಈಗ ಯಾರ ಸಂಬಳದಲ್ಲೂ ಇಲ್ಲ. ಕೇಳಿದವರಿಗೆ ಪ್ರಶ್ನೆ ಬರೆದುಕೊಡುತ್ತೇನೆ, ಪಕ್ಷ ನೋಡುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಮಂತ್ರಿ ಸದನದಲ್ಲಿ ಎದ್ದು ಉತ್ತರಿಸಬೇಕಾದದ್ದು, ಅದರ ಮೇಲೆ ಸದಸ್ಯರು ಉಪಪ್ರಶ್ನೆ ಕೇಳಬಹುದು; ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ ಮಾತ್ರ ಉತ್ತರ. ಒಂದೊಂದು ಇಲಾಖೆಯ ಪ್ರಶ್ನೆಗೆ ಒಂದೊಂದು ಸರದಿ ದಿನ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗುತ್ತೇನೆ.

ಮೊದಲು ಸೋತದ್ದನ್ನು ಹೇಳಬೇಕು. ನಮ್ಮ ನಾಲೆ ಸುಮಾರು ಹದಿನಾಲ್ಕು ಕಿಲೋಮೀಟರ್ ಉದ್ದ. ಕೊನೆಯ ನಾಲ್ಕೈದು ಕಿಲೋಮೀಟರಿಗೆ ವರ್ಷಗಟ್ಟಲೆ ನೀರಿರಲಿಲ್ಲ. ಕೆಆರ್‌ಎಸ್ 124.80 ಅಡಿ ತುಂಬಿ ಬಾಗಿನ ಬಿಟ್ಟ ವರ್ಷವೂ ನಮ್ಮ ಕೊನೆಯಲ್ಲಿ ಒಣ ಹುಲ್ಲೇ. ಶಾಸಕರು ಶೂನ್ಯ ವೇಳೆಯಲ್ಲಿ (ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ) ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದೆವು, ಅಲ್ಲಿಗೆ ಮುಗಿಯಿತು. ಆಮೇಲೆ ಚುಕ್ಕೆ ಗುರುತಿನ ಪ್ರಶ್ನೆ. ಎಲ್ಲರೂ ಬರೆಯುವ ಮಾದರಿಯಲ್ಲೇ ಇತ್ತು:

(ಅ) ನಾಲೆಯ ಕೊನೆ ಭಾಗಕ್ಕೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? (ಸಂಪೂರ್ಣ ವಿವರ ನೀಡುವುದು)

ಉತ್ತರದ ಹಾಳೆ ಬಂತು. ಎಡಗಡೆ ನಮ್ಮ ಪ್ರಶ್ನೆ, ಬಲಗಡೆ (ಅ) ಇಲ್ಲ. (ಆ) ಉದ್ಭವಿಸುವುದಿಲ್ಲ. ವಾರಗಟ್ಟಲೆ ಓಡಾಡಿದ್ದಕ್ಕೆ ಸಿಕ್ಕಿದ್ದು ಇಷ್ಟೇ. ಮುಂದಿನ ಅಧಿವೇಶನಕ್ಕೆ ಸ್ವಲ್ಪ ತಿರುಗಿಸಿ ಹಾಕಿದೆವು. ಆಗ ಬಂದ ಉತ್ತರ: “ಬಂದಿದೆ. ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು.” ಇದನ್ನು ಹಿಡಿದುಕೊಂಡು ಯಾವ ಇಂಜಿನಿಯರ್ ಹತ್ತಿರ ಹೋದರೂ ಟೀ ಕುಡಿಸಿ ಕಳಿಸುತ್ತಾರೆ.

ಅದರ ಮುಂದಿನ ಸಲ ಪ್ರಶ್ನೆ ಪಟ್ಟಿಯ ಮೇಲ್ಭಾಗದಲ್ಲೇ ಬಂದಿತ್ತು. ಬೆಳಿಗ್ಗೆ ಬೇಗ ರೈಲು ಹತ್ತಿ, ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಮೆಟ್ರೊ ಹಿಡಿದು ವಿಧಾನಸೌಧ ತಲುಪಿದೆ. ಗ್ಯಾಲರಿ ಪಾಸ್ ಕೈಯಲ್ಲಿತ್ತು. ಸದನ ಸೇರಿದ ಹತ್ತು ನಿಮಿಷಕ್ಕೆ ಬೇರೆ ಯಾವುದೋ ವಿಷಯಕ್ಕೆ ಧರಣಿ, ಗದ್ದಲ. ಪ್ರಶ್ನೋತ್ತರ ನಡೆಯಲೇ ಇಲ್ಲ, ಉತ್ತರಗಳನ್ನು ಮಂಡಿಸಲಾಗಿದೆ ಎಂದು ಮುಗಿಸಿಬಿಟ್ಟರು. ಚುಕ್ಕೆ ಗುರುತಿನ ಪ್ರಶ್ನೆಯ ಜೀವ ಇರುವುದೇ ಉಪಪ್ರಶ್ನೆಯಲ್ಲಿ, ಅದೇ ಹೋಯಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲೇ ಕಾನೂನು ಮಾಡಿಕೊಂಡಿದ್ದೇವೆ. ಅಷ್ಟು ದಿನ ನಡೆಯುವುದೇ ಅಪರೂಪ. ನಡೆದ ದಿನದಲ್ಲೂ ಬೆಳಗಿನ ಆ ಒಂದು ಗಂಟೆಯನ್ನು ಕಳೆಯುವವರ ಮೇಲೆ ನನಗೆ ಈಗಲೂ ಕೋಪವಿದೆ. ಆ ಗಂಟೆ ಪಕ್ಷಗಳದ್ದಲ್ಲ. ನಾಲೆ ಕೊನೆಯವನದ್ದು.

ಆ ಸಂಜೆ ಊರಿಗೆ ಬಂದಾಗ ಅಂಗಡಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ದೊಡ್ಡಪ್ಪ, “ಬುಡ್ಲಾ ಮಗ, ಅಸೆಂಬ್ಲಿನಾಗೆ ಕೇಳುದ್ರೆ ನಾಲೆಲಿ ನೀರ್ ಬಂದದಾ? ಇಂಜಿನಿಯರ್ ಆಫೀಸಿನ ಮುಂದೆ ಕೂತ್ಕಳವ ನಡಿ” ಅಂದರು. ಸಂಘದ ಗೆಳೆಯರದ್ದೂ ಅದೇ ಮಾತು. ಧರಣಿಯನ್ನು ನಾನು ಬೇಡ ಅನ್ನುವುದಿಲ್ಲ, ಮಂಡ್ಯದಲ್ಲಿ ಹುಟ್ಟಿ ಹಾಗನ್ನಲು ಆಗುತ್ತದೆಯೇ? ಆದರೆ ಧರಣಿ ಕೂತು ಪಡೆದ ಬಾಯಿಮಾತಿಗೆ ಅಧಿಕಾರಿ ವರ್ಗವಾದ ದಿನವೇ ಆಯಸ್ಸು ತೀರುತ್ತದೆ. ಸದನದಲ್ಲಿ ಮಂತ್ರಿ ಹೇಳಿದ್ದು ನಡಾವಳಿಯಲ್ಲಿ, ಅಂದರೆ ಸದನದ ಅಧಿಕೃತ ದಾಖಲೆಯಲ್ಲಿ, ಉಳಿಯುತ್ತದೆ. ರೈತ ಸಂಘದಿಂದಲೇ ಶಾಸಕರಾಗಿ ವಿಧಾನಸಭೆಗೆ ಹೋದ ಕೆ.ಎಸ್. ಪುಟ್ಟಣ್ಣಯ್ಯನವರು ಬೀದಿಯಲ್ಲಿ ಹೇಳಿದ್ದನ್ನೇ ಸದನದೊಳಗೂ ನಿಂತು ಹೇಳಿದವರಲ್ಲವೇ, ಎರಡೂ ಬೇಕು ಎಂದು ಗೆಳೆಯರೊಡನೆ ವಾದ ಮಾಡಿದೆ.

ಇನ್ನು ಕೆಲಸ ಮಾಡಿದ ದಾರಿ. “ಗಮನಕ್ಕೆ ಬಂದಿದೆಯೇ” ಎಂದು ಕೇಳುವುದನ್ನೇ ಬಿಟ್ಟೆ. (ಅ)ಗೆ ಇಲ್ಲ ಎಂದು ಬರೆಯಲು ಜಾಗವಿದ್ದರೆ ಉಳಿದದ್ದೆಲ್ಲ ಉದ್ಭವಿಸದೆ ಹೋಗುತ್ತದೆ. ಅದರ ಬದಲು ಚುಕ್ಕೆ ಗುರುತಿಲ್ಲದ ಪ್ರಶ್ನೆಯೊಂದನ್ನು ಬಹಳ ಸಪ್ಪೆಯಾಗಿ ಬರೆದೆ: ಕಳೆದ ಐದು ವರ್ಷಗಳಲ್ಲಿ ತಾಲ್ಲೂಕಿನ ವಿತರಣಾ ನಾಲೆಗಳಲ್ಲಿ ಕೈಗೊಂಡ ಆಧುನೀಕರಣ ಮತ್ತು ಹೂಳೆತ್ತುವ ಕಾಮಗಾರಿಗಳು ಯಾವುವು, ಪ್ರತಿಯೊಂದರ ಸರಪಳಿ (ನಾಲೆಯ ಮೊದಲಿಂದ ಅಳೆದ ದೂರ) ಎಲ್ಲಿಂದ ಎಲ್ಲಿಗೆ, ಅಂದಾಜು ಮೊತ್ತ ಎಷ್ಟು, ಪಾವತಿಸಿದ್ದೆಷ್ಟು, ಯಾವ ದಿನಾಂಕಕ್ಕೆ ಮುಗಿಯಿತು. ಆರೋಪ ಇಲ್ಲ, ನೀರಿನ ಮಾತೇ ಇಲ್ಲ. ಇಂಥ ಪ್ರಶ್ನೆಗೆ ಯಾರೂ ಹೆದರುವುದಿಲ್ಲ, ಕೆಳಗಿನ ಗುಮಾಸ್ತರು ಇರುವ ಪಟ್ಟಿಯನ್ನೇ ಮೇಲಕ್ಕೆ ಕಳಿಸುತ್ತಾರೆ. “ಅನುಬಂಧದಲ್ಲಿ ಒದಗಿಸಲಾಗಿದೆ” ಎಂದು ಉತ್ತರ ಬಂತು. ಅನುಬಂಧ ಇಪ್ಪತ್ತು ಪುಟದ ಆಸುಪಾಸು.

ಆ ಅನುಬಂಧದ ಮುಂದೆ ಎರಡು ರಾತ್ರಿ ಕೂತೆ. ಕ್ರಮ ಸಂಖ್ಯೆ, ಕಾಮಗಾರಿಯ ಹೆಸರು, ಸರಪಳಿ, ಮೊತ್ತ, ಷರಾ (ಟಿಪ್ಪಣಿ). ನಮ್ಮ ನಾಲೆಯ ಸಾಲಿನಲ್ಲಿ ಸರಪಳಿ 0ಯಿಂದ 14 ಕಿ.ಮೀ., ಒಂದೂಮುಕ್ಕಾಲು ಕೋಟಿ ಚಿಲ್ಲರೆ, ಷರಾ ಕಾಲಂನಲ್ಲಿ “ಪೂರ್ಣಗೊಂಡಿದೆ”. ಒಂಬತ್ತೂವರೆ ಕಿಲೋಮೀಟರ್ ದಾಟಿದ ಮೇಲೆ ಕಾಂಕ್ರೀಟನ್ನೇ ಕಾಣದ ನಾಲೆ ಅದು, ಎಕ್ಕದ ಗಿಡ ನನ್ನ ಎದೆಮಟ್ಟ ಬೆಳೆದಿತ್ತು.

ಇಷ್ಟು ಸಿಕ್ಕಿದ್ದೇ ಪತ್ರಿಕಾಗೋಷ್ಠಿ ಕರೆಯೋಣ ಎಂದರು ಗೆಳೆಯರು. ನಾನು ಒಪ್ಪಲಿಲ್ಲ. ಅನುಬಂಧವನ್ನು ಬೀರುವಿನಲ್ಲಿಟ್ಟು ವಿಧಾನ ಪರಿಷತ್ತಿನ ಕಡೆ ತಿರುಗಿದೆ. ಪರಿಷತ್ತನ್ನು ನಮ್ಮವರು ಲೆಕ್ಕಕ್ಕೇ ಇಟ್ಟಿಲ್ಲ. ನಮ್ಮ ಭಾಗಕ್ಕೆ ದಕ್ಷಿಣ ಶಿಕ್ಷಕರ ಕ್ಷೇತ್ರವಿದೆ, ದಕ್ಷಿಣ ಪದವೀಧರರ ಕ್ಷೇತ್ರವಿದೆ, ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಹೋದವರಿದ್ದಾರೆ. 224 ಜನರ ಸಭೆಯಲ್ಲಿ ಸರದಿ ಸಿಗುವುದಕ್ಕಿಂತ 75 ಜನರ ಪರಿಷತ್ತಿನಲ್ಲಿ ಸಿಗುವುದು ಸುಲಭ. ಅಲ್ಲಿನ ಸದಸ್ಯರೊಬ್ಬರಿಂದ ಅದೇ ನಾಲೆಯ ಬಗ್ಗೆ ಬೇರೆ ಮುಖದ ಪ್ರಶ್ನೆ ಹಾಕಿಸಿದೆ: ಕೊನೆ ಭಾಗದ ರೈತರಿಗೆ ಅನುಕೂಲವಾಗಲು ಯಾವ ಕಾಮಗಾರಿಗಳು ಪ್ರಗತಿಯಲ್ಲಿವೆ, ಯಾವಾಗ ಮುಗಿಯುತ್ತವೆ? ಉತ್ತರದಲ್ಲಿ ನಮ್ಮ ನಾಲೆಯ ಕೊನೆಯ ಭಾಗ “ಪ್ರಗತಿಯಲ್ಲಿದೆ” ಎಂದು ಬಂತು. ಒಂದೇ ನಾಲೆ, ಒಂದೇ ಸರ್ಕಾರ, ಒಂದು ಮನೆಯಲ್ಲಿ ಪೂರ್ಣ, ಇನ್ನೊಂದು ಮನೆಯಲ್ಲಿ ಪ್ರಗತಿ. ಇದನ್ನು ಸಾಧಿಸಿದ್ದು ಜಿಲ್ಲೆಯಲ್ಲಿ ನಾನೇ ಮೊದಲಿರಬೇಕು. ಯಾರಾದರೂ ಮುಂಚೆ ಮಾಡಿದ್ದರೆ ತಿಳಿಸಲಿ.

ಬೇರೆ ಪಕ್ಷದ ಪರಿಷತ್ ಸದಸ್ಯರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಯಾವ ವಾರದ ಸರದಿಗೆ ಪ್ರಶ್ನೆ ಹಾಕಿದರೆ ಗದ್ದಲಕ್ಕೆ ಸಿಕ್ಕಿಕೊಳ್ಳುವುದಿಲ್ಲ ಎಂಬ ಲೆಕ್ಕವೂ ನನ್ನದೊಂದಿದೆ. ಅದೂ ಸದ್ಯ ನನ್ನ ಹತ್ತಿರವೇ ಇರಲಿ.

ಈ ನಡುವೆ ಪಕ್ಕದ ದಾರಿಗಳನ್ನೂ ಹಿಡಿದು ನೋಡಿದೆ. ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ, ಅಂದರೆ ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕದ, ಪ್ರತಿ ಕೇಳಿದೆ. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಅರ್ಜಿ ಒಡೆದು ಒಡೆದು ಹಾಕಬೇಕಾಯಿತು. ಕಡತ ಮೇಲಿನ ಕಚೇರಿಗೆ ಹೋಗಿದೆ ಎಂಬ ಉತ್ತರ ಬಂತು, ಮೇಲ್ಮನವಿಗೆ ಹೋಗುವಷ್ಟು ವ್ಯವಧಾನ ಇರಲಿಲ್ಲ. ಲೋಕಸಭೆಯಲ್ಲೂ ಒಂದು ಕಲ್ಲು ಎಸೆದು ನೋಡಿದೆವು. ನೀರು ರಾಜ್ಯ ಪಟ್ಟಿಯ ವಿಷಯ, ಕಾಮಗಾರಿ ರಾಜ್ಯದ ಹೊಣೆ ಎಂದು ಉತ್ತರ, ಮುಂಚೆಯೇ ಊಹಿಸಿದ್ದೆ. ಫಲ ಕೊಟ್ಟದ್ದು ಗೂಟದ ಪ್ರಯೋಗ. ಒಂಬತ್ತೂವರೆ ಕಿಲೋಮೀಟರ್ ಹತ್ತಿರ ಒಂದು, ಹನ್ನೆರಡರ ಹತ್ತಿರ ಒಂದು, ಕೊನೆ ತೂಬಿನ ಹತ್ತಿರ ಒಂದು, ಹೀಗೆ ಮರದ ಗೂಟ ನೆಟ್ಟು ಅರ್ಧ ಅಡಿಗೊಂದು ಕೆಂಪು ಗೆರೆ ಎಳೆದೆವು. ಕಟ್ಟು ನೀರು ಬಿಟ್ಟಷ್ಟು ದಿನವೂ ಬೆಳಿಗ್ಗೆ ಒಬ್ಬರು ಹೋಗಿ ದಿನಪತ್ರಿಕೆಯನ್ನು ಗೂಟದ ಪಕ್ಕ ಹಿಡಿದು ಫೋಟೊ ತೆಗೆಯುವುದು, ಪತ್ರಿಕೆಯ ತಾರೀಖು ಕಾಣಬೇಕು. ಮೊದಲ ಗೂಟದಲ್ಲಿ ಒಂದೂವರೆ ಅಡಿ ಇದ್ದ ದಿನ ಮೂರನೆಯದರಲ್ಲಿ ಮಣ್ಣು. ನಾಲೆಯಲ್ಲಿ ನೀರು ಬಿಡುವ ಕೆಲಸದ ನೀರುಗಂಟಿ ಅಣ್ಣನೇ ಕೆಲವು ದಿನ ಫೋಟೊ ತೆಗೆದುಕೊಟ್ಟ, ಅವನಿಗೂ ದಿನಾ ಬೈಗುಳ ತಿಂದು ಸಾಕಾಗಿತ್ತು.

ದುಡ್ಡಿನ ಲೆಕ್ಕ ಅನೇಕರು ಕೇಳುತ್ತಾರೆ. ಜೆರಾಕ್ಸ್, ಅರ್ಜಿ, ರೈಲು, ಮೆಟ್ರೊ, ಊಟ ಎಲ್ಲ ಸೇರಿ ಎರಡು ವರ್ಷದಲ್ಲಿ ಹದಿನೆಂಟು ಇಪ್ಪತ್ತು ಸಾವಿರ ಆಗಿರಬಹುದು. ಅದರಲ್ಲಿ ದೊಡ್ಡ ಪಾಲು ಬೆಳಗಾವಿ ನುಂಗಿತು. ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಮಂಡ್ಯದಿಂದ ಹೋಗಿಬರುವುದೆಂದರೆ ರಾಜ್ಯದ ಈ ತುದಿಯಿಂದ ಆ ತುದಿ, ಆ ಹತ್ತು ದಿನ ಲಾಡ್ಜ್‌ಗಳ ಬಾಡಿಗೆ ಎರಡು ಪಟ್ಟು. ಊರಿನವರು ತಲೆಗೆ ನೂರು, ಇನ್ನೂರು ಹಾಕಿ ಅರ್ಧದಷ್ಟು ಕೊಟ್ಟರು. ಅವರಿಗೆ ಚೀಟಿ ಬರೆದು ಲೆಕ್ಕ ಒಪ್ಪಿಸಿದ್ದೇನೆ.

ಇನ್ನೊಂದು ದುಡ್ಡಿನ ಮಾತಿದೆ. ಪಟ್ಟಣದ ಗುತ್ತಿಗೆದಾರನೊಬ್ಬ ಮನೆಗೆ ಬಂದು, ತನ್ನ ಎದುರಾಳಿಯ ಕಾಮಗಾರಿ ಮೇಲೆ ಪ್ರಶ್ನೆ ಹಾಕಿಸಿದರೆ ನಮ್ಮ ಎರಡು ವರ್ಷದ ಖರ್ಚಿಗಿಂತ ಎಷ್ಟೋ ಪಟ್ಟು ಕೊಡುವುದಾಗಿ ಹೇಳಿದ. ಕಾಫಿ ಕೊಟ್ಟು ಕಳಿಸಿದೆ. ಪ್ರಶ್ನೆಗೆ ಹಣ ಪಡೆದರೆಂದು 2005ರ ಡಿಸೆಂಬರ್‌ನಲ್ಲಿ ಸಂಸತ್ತಿನ 11 ಸದಸ್ಯರು ಸ್ಥಾನ ಕಳೆದುಕೊಂಡರು. ನಮ್ಮಂಥ ಬರೆದುಕೊಡುವವರ ಕೈ ಅಷ್ಟೇ ಚೊಕ್ಕಟವಿರಬೇಕು, ಇಲ್ಲವಾದರೆ ನಾಳೆ ನಾಲೆಯ ಪ್ರಶ್ನೆಯನ್ನೂ ಯಾರೂ ನಂಬುವುದಿಲ್ಲ.

ಕೊನೆಗೆ ವಿಧಾನಸಭೆಯಲ್ಲಿ ಬಂದ ಚುಕ್ಕೆ ಗುರುತಿನ ಪ್ರಶ್ನೆ ಎರಡೇ ಸಾಲಿನದು. ಕಾಮಗಾರಿ ಯಾವ ದಿನಾಂಕಕ್ಕೆ ಪೂರ್ಣಗೊಂಡಿತು, ಕೊನೆಯ ಬಿಲ್ಲು ಯಾವ ದಿನಾಂಕಕ್ಕೆ ಪಾವತಿಯಾಯಿತು. ಸದಸ್ಯರ ಕೈಗೆ ಅರ್ಧ ಹಾಳೆ ಕೊಟ್ಟಿದ್ದೆ, ದಪ್ಪ ಅಕ್ಷರದಲ್ಲಿ ಮೂರು ಉಪಪ್ರಶ್ನೆ. ಭಾಷಣ ಬೇಡ ಅಣ್ಣ, ಓದಿ ಕೂತುಬಿಡಿ ಎಂದು ಕೈ ಮುಗಿದು ಹೇಳಿದ್ದೆ. ಸರದಿ ಬಂತು. ಮಂತ್ರಿಗಳು ಎದ್ದು “ಉತ್ತರ ಒದಗಿಸಲಾಗಿದೆ ಮಾನ್ಯ ಸಭಾಧ್ಯಕ್ಷರೇ” ಎಂದರು. ನಮ್ಮವರು ಮೊದಲ ಉಪಪ್ರಶ್ನೆಯಲ್ಲಿ ಸಭೆಗೆ ಕೊಟ್ಟ ಅನುಬಂಧದ ಸಾಲು ಓದಿದರು. ಎರಡನೆಯದರಲ್ಲಿ ಪರಿಷತ್ತಿಗೆ ಕೊಟ್ಟ ಉತ್ತರ ಓದಿದರು. ಮೂರನೆಯದು, ಇವೆರಡರಲ್ಲಿ ಯಾವುದು ನಿಜ? ಕೂತರು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಒಂದರ ಹಿಂದೊಂದು ಹೋಗುವುದು ಮೇಲಿಂದ ನನಗೆ ಕಾಣುತ್ತಿತ್ತು. ಗೂಟದ ಫೋಟೊಗಳನ್ನು ಸದಸ್ಯರು ಎತ್ತಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಹಿರಿಯ ಅಧಿಕಾರಿಯನ್ನು ಸ್ಥಳಕ್ಕೆ ಕಳಿಸಿ ವರದಿ ತರಿಸುತ್ತೇನೆ, ಉಳಿದ ಕೆಲಸವನ್ನು ಮುಂದಿನ ಬೆಳೆಗೆ ಮುಂಚೆ ಮುಗಿಸುತ್ತೇನೆ ಎಂದು ಮಂತ್ರಿಗಳು ಹೇಳಿದರು. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಾನು ಆ ದಿನದ ನಡಾವಳಿಯ ಪ್ರತಿ ತೆಗೆಸಿ, ಮಂತ್ರಿಗಳ ಮಾತಿನ ಕೆಳಗೆ ಗೆರೆ ಹಾಕಿ, ಸದಸ್ಯರ ಪತ್ರದೊಡನೆ ಸರ್ಕಾರಿ ಭರವಸೆಗಳ ಸಮಿತಿಗೆ ಕೊಡಿಸಿದೆ. ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ಬೆನ್ನು ಹತ್ತುವುದೇ ಆ ಸಮಿತಿಯ ಕೆಲಸ. ಫೋಟೊಗಳು ಅಲ್ಲಿಗೆ ಲಗತ್ತಾಗಿ ಹೋದವು. ಮೂರು ತಿಂಗಳೊಳಗೆ ಜೆಸಿಬಿ ಬಂತು. ಎಕ್ಕ ಹೋಯಿತು, ಕೊನೆಯ ಎರಡು ತೂಬಿನ ಬಾಗಿಲು ಹೊಸದಾಯಿತು, ಕಾಂಕ್ರೀಟು ಹದಿಮೂರು ಕಿಲೋಮೀಟರ್ ದಾಟಿತು. ಉಳಿದ ಒಂದು ಕಿಲೋಮೀಟರು ಮಣ್ಣಿನ ನಾಲೆಯೇ, ಆದರೆ ನೀರು ಹೋಗುತ್ತದೆ. ಇನ್ನೂರು ಎಕರೆಗೆ ಹತ್ತಿರ ನೆಲ ಮತ್ತೆ ಭತ್ತ ಕಂಡಿತು. ದೊಡ್ಡಪ್ಪ ತಮ್ಮ ಗದ್ದೆಗೆ ನಾಟಿ ಹಾಕಿಸಿದ ದಿನ ನನಗೆ ಫೋನ್ ಮಾಡಿಸಿ, “ನಿನ್ ಅಸೆಂಬ್ಲಿ ನೀರು ಬಂತು ಕಲಾ” ಅಂದರು.

ಮೈಸೂರಿನ ಗೆಳೆಯನೊಬ್ಬ ಇದೇ ಕ್ರಮವನ್ನು ಶಾಲೆಗಳಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗೆ ಹಚ್ಚಿ ನೋಡುತ್ತಿದ್ದಾನೆ. ಮೊದಲ ಅನುಬಂಧ ಬಂದಿದೆ. ಅವನ ಜೊತೆ ಪುರಭವನದ ಮುಂದೆ ನಿಂತಿದ್ದಾಗ ನೆನಪಾಯಿತು, ಆ ಕಟ್ಟಡಕ್ಕೆ ದಿವಾನ್ ರಂಗಾಚಾರ್ಲು ಹೆಸರು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದವರು ಅವರೇ. ದಸರೆಗೆ ಬಂದ ರೈತರು, ವರ್ತಕರು ದಿವಾನರ ಎದುರು ತಮ್ಮ ಸೀಮೆಯ ಕಷ್ಟ ಹೇಳುತ್ತಿದ್ದರು. ಆಗ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಈಗ ಇದೆ, ನಾವು ಬಳಸುತ್ತಿರುವುದು ಕಡಿಮೆ.

ಮುಂದಿನ ಅಧಿವೇಶನಕ್ಕೆ ಪಕ್ಕದ ಉಪನಾಲೆಯ ಎರಡು ಪ್ರಶ್ನೆ ಸಿದ್ಧವಿದೆ, ಗೂಟಗಳನ್ನು ಆಗಲೇ ನೆಟ್ಟಾಗಿದೆ. ಮಳವಳ್ಳಿ ಕಡೆಯವರು ತಮ್ಮ ಕರಡು ತಂದರೆ ಕೂತು ತಿದ್ದಿಕೊಡುತ್ತೇನೆ. ಬರುವಾಗ ವಿಧಾನಮಂಡಲದ ವೆಬ್‌ಸೈಟಿನಿಂದ ನಿಮ್ಮ ತಾಲ್ಲೂಕಿನ ಹಳೆಯ ಉತ್ತರಗಳನ್ನು ಮುದ್ರಿಸಿ ತನ್ನಿ, ಷರಾ ಕಾಲಂ ಓದುವಷ್ಟು ದೊಡ್ಡ ಅಕ್ಷರದಲ್ಲಿ.