ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಪ್ರಿವ್ಯೂ: ಮೊದ್ಲು ಡಿಸ್ಕ್, ಆಮೇಲೆ ಬಯಾಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ಆವಾಗಿಂದ ಹಳೇ ಮೆಷಿನ್ ಇಟ್ಕೊಂಡೋರು ಸುಮಾರು ಜನ 11ರ ಇನ್‌ಸೈಡರ್ ಪ್ರಿವ್ಯೂ (ಎಲ್ಲರಿಗೂ ಬಿಡೋಕೆ ಮುಂಚೆ ಪರೀಕ್ಷೆಗೆ ಕೊಡೋ ಆವೃತ್ತಿ) ಹಾಕೋಕೆ ಹೊರಟಿದಾರೆ. ಹಾಕ್ಲಿ. ಆದ್ರೆ ಎಡವೋದೆಲ್ಲ ಒಂದೇ ಜಾಗದಲ್ಲಿ, ಅದಕ್ಕೇ ಇದನ್ನ ಬರೀತಿರೋದು.

1. ಕೇಳೋದು ಇಷ್ಟು: 64 ಬಿಟ್ ಪ್ರೊಸೆಸರ್, 4 ಜಿಬಿ ರ್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಕಂಪ್ಯೂಟರ್ ಶುರುವಾಗೋ ಹೊಸ ವಿಧಾನ, ಹಳೇದಕ್ಕೆ ಲೆಗಸಿ ಅಂತಾರೆ), ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರ್‌ನಿಂದ ಮಾತ್ರ ಶುರುವಾಗೋಕೆ ಬಿಡೋ ಕಾವಲು), ಟಿಪಿಎಂ 2.0 (ಭದ್ರತಾ ಕೀಗಳನ್ನ ಕಾಪಾಡೋ ಚಿಪ್). ಇದ್ರಲ್ಲಿ 4 ಜಿಬಿ ಅನ್ನೋದು ಬರೀ ಕಾಗದದ ಮೇಲಿನ ಮಾತು, 8 ಜಿಬಿ ಮತ್ತೆ ಎಸ್‌ಎಸ್‌ಡಿ ಇಲ್ದೆ ಕೈನೇ ಹಾಕ್ಬೇಡಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಹೆಸರೇ ಇಲ್ದಿರೋ ಎಸ್‌ಎಸ್‌ಡಿ ತರ್ಬೇಡಿ, ವಾರಂಟಿ ಬಿಲ್ ಕೇಳಿ ತಗೊಳ್ಳಿ.

2. ಪ್ರೊಸೆಸರ್: ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ, ಎಎಂಡಿ ಆದ್ರೆ ರೈಜನ್ 2000 ಸೀರೀಸ್‌ನಿಂದ ಮೈಕ್ರೋಸಾಫ್ಟ್ ಲಿಸ್ಟಲ್ಲಿದೆ. 6, 7ನೇ ಜನರೇಷನ್‌ನೋರು ರೂಫಸ್‌ನಲ್ಲಿ (ಬೂಟ್ ಆಗೋ ಪೆನ್‌ಡ್ರೈವ್ ಮಾಡೋ ಉಚಿತ ಸಾಫ್ಟ್‌ವೇರ್) ಈ ಅರ್ಹತೆ ಪರೀಕ್ಷೆನ ತೆಗೆದುಹಾಕೋ ಆಪ್ಷನ್ ಟಿಕ್ ಮಾಡಿ ಪೆನ್‌ಡ್ರೈವ್ ಮಾಡ್ಕೊಂಡು ಹಾಕ್ಬಹುದು, ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಗ್ಯಾರಂಟಿ ಕೊಡಲ್ಲ ಅಷ್ಟೆ. ಕೋರ್ 2 ಡ್ಯುಯೋ ಕಥೆ ಬೇರೆ, ಎಸ್‌ಎಸ್‌ಇ 4.2 ಅನ್ನೋ ಪ್ರೊಸೆಸರ್ ಸೂಚನೆಗಳ ಗುಂಪು ಇಲ್ದಿರೋ ಚಿಪ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗಲ್ಲ, ಯಾವ ಟಿಕ್ಕೂ ಉಪಯೋಗಕ್ಕೆ ಬರಲ್ಲ.

3. ಟಿಪಿಎಂ: ವಿಂಡೋಸ್ ಕೀ ಮತ್ತು ಆರ್ ಒತ್ತಿ tpm.msc ಅಂತ ಟೈಪ್ ಮಾಡಿ. ಸಿಗ್ಲಿಲ್ಲ ಅಂದ ತಕ್ಷಣ ಮಾಡ್ಯೂಲ್ ಕೊಳ್ಳೋಕೆ ಓಡ್ಬೇಡಿ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚೆ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್) ಇಂಟೆಲ್‌ಗೆ ಪಿಟಿಟಿ, ಎಎಂಡಿಗೆ ಎಫ್‌ಟಿಪಿಎಂ ಅಂತ ಇರುತ್ತೆ, ಸುಮಾರು ಸಲ ಅದು ಆಫ್ ಆಗಿರುತ್ತೆ ಅಷ್ಟೆ.

4. ಇಲ್ಲಿ ನಿಧಾನ. ಜನ ಏನ್ಮಾಡ್ತಾರೆ, ಸೀದಾ ಬಯಾಸ್‌ಗೆ ಹೋಗಿ ಲೆಗಸಿ ತೆಗ್ದು ಯುಇಎಫ್‌ಐ ಹಾಕ್ತಾರೆ, ಆದ್ರೆ ಡಿಸ್ಕ್ ಇನ್ನೂ ಹಳೇ ಎಂಬಿಆರ್ ಸ್ಟೈಲಲ್ಲೇ (ಡಿಸ್ಕ್‌ನ ಭಾಗ ಮಾಡಿ ಲೆಕ್ಕ ಇಡೋ ಹಳೇ ಪದ್ಧತಿ, ಯುಇಎಫ್‌ಐಗೆ ಬೇಕಾದ ಹೊಸದು ಜಿಪಿಟಿ) ಇರುತ್ತೆ, ಬೂಟ್ ಡಿವೈಸ್ ಇಲ್ಲ ಅಂತ ಕಪ್ಪು ಸ್ಕ್ರೀನ್ ಬರುತ್ತೆ, ಡಿಸ್ಕೇ ಹೋಯ್ತು ಅಂತ ಗಾಬರಿಯಾಗಿ ಫಾರ್ಮ್ಯಾಟ್ ಹೊಡೀತಾರೆ. ಡಿಸ್ಕ್‌ಗೆ ಏನೂ ಆಗಿರಲ್ಲ ಮಾರಾಯ್ರೆ, ವಾಪಸ್ ಲೆಗಸಿ ಮಾಡಿದ್ರೆ ಮೊದಲಿನ ಹಾಗೇ ಎದ್ದೇಳುತ್ತೆ.

ಸರಿಯಾದ ಕ್ರಮ ಹೀಗೆ. ಫೈಲೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಂಡು ಅದನ್ನ ಸಸ್ಪೆಂಡ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಡಿಸ್ಕ್ 0 ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್: ಅಲ್ಲಿ ಜಿಪಿಟಿ ಅಂತಿದ್ರೆ ನೀವು ಪಾರು. ಎಂಬಿಆರ್ ಅಂತಿದ್ರೆ ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನ್ ಆಗಿ ತೆರೆದು, ವಿಂಡೋಸ್‌ನಲ್ಲೇ ಇರೋ ಎಂಬಿಆರ್2ಜಿಪಿಟಿ ಟೂಲ್‌ನ ಮೊದ್ಲು mbr2gpt /validate /allowFullOS ಅಂತ ಟೈಪ್ ಮಾಡಿ ಓಡಿಸಿ, ಅದು ಪಾಸಾದ್ರೆ ಮಾತ್ರ /validate ಜಾಗದಲ್ಲಿ /convert ಹಾಕಿ. ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಇದ್ರೆ ಫೇಲ್ ಆಗುತ್ತೆ, ಲ್ಯಾಪ್‌ಟಾಪ್ ಕಂಪನಿಯೋರು ತುಂಬಿಟ್ಟಿರೋ ರಿಕವರಿ ಪಾರ್ಟಿಷನ್‌ದೇ ಸಾಮಾನ್ಯವಾಗಿ ಈ ಕಾಟ. ಕನ್ವರ್ಟ್ ಮುಗಿದ್ಮೇಲೆ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಹಳೇ ಲೆಗಸಿ ಬೂಟ್‌ಗೆ ದಾರಿ ಮಾಡೋ ಸೆಟ್ಟಿಂಗ್) ಆಫ್ ಮಾಡಿ, ಯುಇಎಫ್‌ಐ ಹಾಕಿ, ಒಂದ್ಸಲ ವಿಂಡೋಸ್ ಬೂಟ್ ಆಯ್ತಾ ನೋಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ. ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಕೆಟ್ಟಿದ್ದೆಲ್ಲಿ ಅಂತ ಗೊತ್ತಾಗಲ್ಲ.

5. ಕೊನೆಗೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್ (ವಿಂಡೋಸ್ 10ರಲ್ಲಿ ಅಪ್‌ಡೇಟ್ ಅಂಡ್ ಸೆಕ್ಯೂರಿಟಿ), ವಿಂಡೋಸ್ ಇನ್‌ಸೈಡರ್ ಪ್ರೋಗ್ರಾಂ, ಅಲ್ಲಿ ಚಾನೆಲ್ ಆರಿಸ್ಕೊಳ್ಳಿ. ಹಳೇ ಮೆಷಿನ್‌ಗೆ ರಿಲೀಸ್ ಪ್ರಿವ್ಯೂನೇ (ಬಿಡುಗಡೆಗೆ ಹತ್ತಿರ ಇರೋದು) ಸಾಕು. ಕೆನರಿ ಚಾನೆಲ್‌ಗೆ (ತೀರಾ ಕಚ್ಚಾ ಆವೃತ್ತಿ ಬರೋದು) ಹೋದ್ರೆ ಹೊರಗೆ ಬರೋಕೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕ್ಬೇಕು, ದಿನಾ ಕೆಲಸಕ್ಕೆ ಇರೋದು ಇದೊಂದೇ ಕಂಪ್ಯೂಟರ್ ಅಂದ್ರೆ ಅದರ ಸುದ್ದಿಗೇ ಹೋಗ್ಬೇಡಿ.