ಮೈದಾನಕ್ಕೆ ಇಳಿಯುವ ಮೊದಲು: ಕಾಸರಗೋಡಿಗೆ ಬಂದ ಹೊಸಬರಿಗೆ

ಕೆಲಸದ ಮೇಲೆ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆಗೆ ಬಂದ ಕರ್ನಾಟಕದವರು ತಿಂಗಳೊಳಗೆ ಕೇಳುವ ಪ್ರಶ್ನೆಯೊಂದಿದೆ: "ಸಂಜೆ ಸುಮ್ಮನೆ ಕುಳಿತಿರುತ್ತೇನೆ, ನಿಮ್ಮ ಕ್ಲಬ್ಬಿನ ಮಕ್ಕಳಿಗೆ ಕಬಡ್ಡಿ ಹೇಳಿಕೊಡಲೇ?" ಧಾರಾಳವಾಗಿ ಬನ್ನಿ. ಇಲ್ಲಿ ಆಟದ ಹುಚ್ಚು ಜಾಸ್ತಿ, ಕಲಿಸುವವರು ಕಡಿಮೆ. ಆದರೆ ಬರುವ ಮೊದಲು ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ: ತುಳುವಿನ "ಎಂಕ್ ಬೊಡ್ಚಿ", ಮಲಯಾಳದ "ಎನಿಕ್ಕ್ ವೇಂಡ". ಎರಡರ ಅರ್ಥವೂ "ನನಗೆ ಬೇಡ". ಹೆದರಿದ ಮಗುವಿನ ಬಾಯಿಗೆ ಶಾಲೆಯ ಕನ್ನಡ ಬರುವುದಿಲ್ಲ, ಮನೆಯ ಮಾತೇ ಬರುತ್ತದೆ. ಅದು ನಿಮಗೆ ಅರ್ಥವಾಗದಿದ್ದರೆ ಆಟವನ್ನು ಎಷ್ಟು ಚೆನ್ನಾಗಿ ಬಲ್ಲಿರಾದರೂ ಪ್ರಯೋಜನವಿಲ್ಲ.

ಮೊದಲು ಕಾಗದಪತ್ರ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಡಿ ಬಂದ 2020ರ ನಿಯಮಗಳು ಶಾಲೆಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿವೆ: ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಬೇಕು, ಆಗಾಗ ತರಬೇತಿಯನ್ನೂ ಕೊಡಿಸಬೇಕು. ಸಂಬಳವಿಲ್ಲದವರಿಗೆ ಇದೆಲ್ಲ ಯಾಕೆ ಎಂದು ನಮ್ಮಲ್ಲೂ ಗೊಣಗಿದವರಿದ್ದರು. ಸಂಬಳದವನು ಯಾರು, ಬಿಟ್ಟಿಯವನು ಯಾರು ಎಂದು ಮಗುವಿಗೇನು ಗೊತ್ತು? ಅದಕ್ಕೆ ಎಲ್ಲರೂ ಮಾಸ್ಟ್ರೇ. ಕೇರಳ ಪೊಲೀಸರ 'ತುಣ' ಪೋರ್ಟಲಿನಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ನೀವು ಹೊಸಬರಾದ್ದರಿಂದ ಊರಿನ ಠಾಣೆಯದ್ದನ್ನೂ ತನ್ನಿ. ಅಂದ ಹಾಗೆ, ಆ ಕಾಗದ ಹೇಳುವುದು ಈವರೆಗೆ ಸಿಕ್ಕಿಬಿದ್ದಿಲ್ಲ ಎಂದಷ್ಟೇ.

ಹಿಂದೆ ನಾನಿದ್ದ ತಂಡವೊಂದರಲ್ಲಿ ಹಿರಿಯರೊಬ್ಬರು ಅಭ್ಯಾಸ ಮುಗಿದ ಮೇಲೆ ಹುಡುಗರನ್ನು ಬೈಕಿನಲ್ಲಿ ಮನೆಗೆ ಬಿಡುತ್ತಿದ್ದರು. ಒಬ್ಬ ಮಾತ್ರ ಬಸ್ಸಿಗೆ ಕಾಯುತ್ತಿದ್ದ. ಮುಕ್ಕಾಲು ಗಂಟೆ, ಜೂನ್ ತಿಂಗಳ ಮಳೆಯಲ್ಲಿ, ಚೀಲವನ್ನು ಎದೆಗೆ ಅವುಚಿಕೊಂಡು. "ಇವನಿಗೆ ಬೈಕೆಂದರೆ ಹೆದರಿಕೆ" ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಮಳೆಗಾಲ ಮುಗಿಯುವುದರೊಳಗೆ ಅವನು ಬರುವುದನ್ನೇ ಬಿಟ್ಟ. ಏನಾಗಿತ್ತೋ, ಏನೂ ಆಗಿರಲಿಲ್ಲವೋ, ಕೇಳಿದವರೇ ಇಲ್ಲ. "ಅವರು ನಮ್ಮವರು" ಎಂಬ ಮಾತು ಎಲ್ಲರ ಬಾಯಿ ಕಟ್ಟಿತ್ತು. ಗಡಿನಾಡಿನಲ್ಲಿ ಕನ್ನಡ ಮಾತಾಡಿದರೆ ಸಾಕು, ನಮ್ಮವರಾಗಿಬಿಡುತ್ತಾರೆ. ನಿಮಗೂ ಆ ರಿಯಾಯಿತಿ ಸಿಗುತ್ತದೆ. ದಯವಿಟ್ಟು ತೆಗೆದುಕೊಳ್ಳಬೇಡಿ.

ಈಗ ನಮ್ಮಲ್ಲಿ ಯಾವ ಹಿರಿಯನೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರುವುದಿಲ್ಲ, ಬೈಕಿನಲ್ಲೂ ಇಲ್ಲ, ಚೆಂಡು ಇಡುವ ಕೋಣೆಯಲ್ಲೂ ಇಲ್ಲ. ಕಬಡ್ಡಿಯಲ್ಲಿ ಮೈ ಮುಟ್ಟದೆ ಕಲಿಸಲು ಆಗುವುದಿಲ್ಲ, ನಿಜ. ಕಾಲು ಹಿಡಿಯುವುದನ್ನು ತೋರಿಸುವಾಗ "ನಿನ್ನ ಕಣಕಾಲು ಹಿಡಿದು ತೋರಿಸುತ್ತೇನೆ, ಆಗಬಹುದೇ?" ಎಂದು ಎಲ್ಲರೆದುರು ಕೇಳಿ. ಮಗು ಹಿಂದೆ ಸರಿದರೆ ಇಬ್ಬರು ಹುಡುಗರನ್ನೇ ಎದುರುಬದುರು ನಿಲ್ಲಿಸಿ ಬಾಯಲ್ಲಿ ಹೇಳಿಕೊಡಿ. ಉಳುಕಿಗೆ ಎಣ್ಣೆ ತಿಕ್ಕುವ ಕೆಲಸ ಮನೆಯವರದ್ದು. ಮಕ್ಕಳಿಗೆ ಖಾಸಗಿ ವಾಟ್ಸಾಪ್ ಸಂದೇಶ ಬೇಡ, ಹೆತ್ತವರಿರುವ ಗುಂಪಿನಲ್ಲೇ ಹಾಕಿ. ಹೊರ ಊರಿನ ಪಂದ್ಯಕ್ಕೆ ರಾತ್ರಿ ಉಳಿಯುವುದಾದರೆ ಹೆತ್ತವರಲ್ಲಿ ಇಬ್ಬರಾದರೂ ಜೊತೆಗಿರಬೇಕು. ಹುಡುಗಿಯರ ತಂಡವಾದರೆ ಅವರಲ್ಲೊಬ್ಬರು ತಾಯಿ.

ಇನ್ನು, ಮಗುವೊಂದು ಏನಾದರೂ ಹೇಳಿದರೆ. ಸುಮ್ಮನೆ ಕೇಳಿಸಿಕೊಳ್ಳಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಆ ಮಾತನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಕೆದಕಿ ಕೆದಕಿ ಪ್ರಶ್ನೆ ಹಾಕಬೇಡಿ. ಮಗು ಹೇಳಿದ್ದನ್ನು ಅದು ಹೇಳಿದ ಭಾಷೆಯಲ್ಲೇ, ಅದೇ ಪದಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಡಿ. ತುಳುವಿನ ಒಂದು ಪದವನ್ನು ನೀವು ಸಭ್ಯವಾದ ಕನ್ನಡಕ್ಕೆ ತಂದರೆ ದೂರಿನ ಅರ್ಧ ಜೀವವೇ ಹೋಗುತ್ತದೆ. ಆಮೇಲೆ ಸಂಘದ ಅಧ್ಯಕ್ಷರ ಮನೆಯಲ್ಲಿ ಚಾ ಕುಡಿದು ರಾಜಿ ಮಾಡಿಸುವ ನಮ್ಮ ಹಳೆಯ ಪದ್ಧತಿ ಇದೆಯಲ್ಲ, ಅದನ್ನು ಇಲ್ಲಿ ತರಲೇಬಾರದು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯಿದೆ. ಏನು ಮಾಡಬೇಕೆಂದು ತೋಚದಿದ್ದರೆ 1098ಕ್ಕೆ ಕರೆ ಮಾಡಿ.

ಠಾಣೆಯಲ್ಲಿ ಎಲ್ಲವೂ ಮಲಯಾಳದಲ್ಲಿ ನಡೆಯುತ್ತದೆ ಎಂದು ಹಿಂಜರಿಯುವ ಹೆತ್ತವರಿಗೆ ಇದನ್ನು ಹೇಳಿ: ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು ಅದೇ ಸೆಕ್ಷನ್ನಿನಲ್ಲಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಪಡೆಯಬಹುದು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಮಗುವಿನ ಹೆಸರು ಮಾತ್ರ ಯಾವ ಗುಂಪಿನಲ್ಲೂ ಓಡಾಡಬಾರದು.

ಅಭ್ಯಾಸ ಶನಿವಾರ ನಾಲ್ಕೂವರೆಗೆ. ಮೊದಲ ತಿಂಗಳು ನಿಮ್ಮದು ಅಂಕ ಬರೆಯುವ ಕೆಲಸ. ಬೇಸರ ಮಾಡಿಕೊಳ್ಳಬೇಡಿ, ನಾನೂ ಬರೆದಿದ್ದೇನೆ. ಸುಣ್ಣದ ಗೆರೆ ಎಳೆಯಲು ಜನ ಸಾಲುವುದಿಲ್ಲ, ನಾಲ್ಕಕ್ಕೇ ಬಂದರೆ ಒಳ್ಳೆಯದು.