ಅಚ್ಚು ಒಡೆದ ನಾಣ್ಯಗಳನ್ನು ವಿಂಗಡಿಸುವ ಬಗೆ

ನಾಣ್ಯ ಹೊಡೆಯುವ ಅಚ್ಚಿನಲ್ಲಿ (ಡೈ) ಎಲ್ಲಿ ಹಳ್ಳವಿದೆಯೋ ನಾಣ್ಯದಲ್ಲಿ ಅಲ್ಲಿ ಉಬ್ಬು ಮೂಡುತ್ತದೆ. ಅಚ್ಚುಬೆಲ್ಲದ ಮರದ ಅಚ್ಚಿನಲ್ಲಿ ಒಂದು ಚಕ್ಕೆ ಎದ್ದುಹೋದರೆ ಆಮೇಲೆ ಬರುವ ಪ್ರತಿ ಬೆಲ್ಲದಲ್ಲೂ ಅದೇ ಜಾಗದಲ್ಲಿ ಗಂಟು ಕಾಣುತ್ತದೆ ಎಂಬುದನ್ನು ಭದ್ರಾವತಿ ಕಡೆಯ ಆಲೆಮನೆಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ; ಟಂಕಸಾಲೆಯ ಉಕ್ಕಿನ ಅಚ್ಚಿಗೂ ಇದೇ ನಿಯಮ. ಆದ್ದರಿಂದ ತಗ್ಗಾಗಿರುವ ಗೀರು, ಕಚ್ಚುಗಳನ್ನು ಮೊದಲೇ ಬದಿಗಿಡಿ, ಅವು ಅಚ್ಚಿನ ಒಡಕಲ್ಲ.

ಉಬ್ಬೋ ತಗ್ಗೋ ಎಂದು ತಿಳಿಯಲು ಬೆಳಕು ಓರೆಯಾಗಿ ಬೀಳಬೇಕು. ಶಿವಮೊಗ್ಗದ ಮಳೆಗಾಲದಲ್ಲಿ ಕಿಟಕಿಯ ಬೆಳಕನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಟೇಬಲ್ ಲ್ಯಾಂಪನ್ನು ತಗ್ಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ನೆರಳು ದೀಪದಿಂದ ಆಚೆಗೆ ಬಿದ್ದರೆ ಅದು ಉಬ್ಬು. ನೋಡುವ ಮೊದಲು ನಾಣ್ಯವನ್ನು ತಿಕ್ಕಬೇಡಿ; ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವ ನಮ್ಮ ಮನೆಗಳ ಅಭ್ಯಾಸವನ್ನು ದೇವರ ಪಾತ್ರೆಗಳಿಗೇ ಬಿಟ್ಟುಬಿಡಿ.

ಮುಂದಿನ ಪ್ರಶ್ನೆ, ಈ ಉಬ್ಬು ನಾಣ್ಯದ ಅಂಚುಪಟ್ಟಿಯನ್ನು ಮುಟ್ಟಿದೆಯೇ ಎಂಬುದು. ಕೂದಲೆಳೆಯಂತೆ ಅಂಕುಡೊಂಕಾಗಿ ಹರಿಯುವ ಉಬ್ಬುಗೆರೆ ಬಿರುಕು, ಅಂದರೆ ಡೈ ಕ್ರ್ಯಾಕ್. ಅಕ್ಷರಗಳ ಸಂದಿಯಲ್ಲಿ ಅಂಚಿನಿಂದ ದೂರ ನಿಂತ ಪುಟ್ಟ ಗುಳ್ಳೆ ಚಿಪ್. ಅಂಚುಪಟ್ಟಿಯನ್ನೂ ಪಕ್ಕದ ಬಯಲನ್ನೂ (ಚಿತ್ರ, ಅಕ್ಷರಗಳಿಲ್ಲದ ಖಾಲಿ ಜಾಗ) ಒಟ್ಟಿಗೆ ನುಂಗಿ ನಿಂತಿರುವ, ಚಿತ್ರವೇ ಇಲ್ಲದ ದಪ್ಪ ಮುದ್ದೆಯನ್ನು ಮಾತ್ರ ಸಂಗ್ರಾಹಕರು ಕಡ್ ಎನ್ನುತ್ತಾರೆ. ಅಚ್ಚಿನ ಒಡೆದ ತುಂಡು ಉದುರದೆ ತನ್ನ ಜಾಗದಲ್ಲೇ ಸಿಕ್ಕಿಕೊಂಡಿದ್ದರೆ ಚಿತ್ರವೂ ಉಳಿದಿರುತ್ತದೆ, ಆದರೆ ಬಿರುಕಿನ ಎರಡು ಬದಿಗಳ ಮಟ್ಟ ಏರುಪೇರಾಗಿರುತ್ತದೆ. ಅದು ರಿಟೇನ್ಡ್ ಕಡ್. ಮಟ್ಟದ ವ್ಯತ್ಯಾಸ ಕಾಣದಿದ್ದರೆ ಅದನ್ನು ಬಿರುಕೆಂದೇ ಬರೆದುಕೊಳ್ಳುವುದು ಪ್ರಾಮಾಣಿಕತೆ.

ನನ್ನಲ್ಲಿರುವ ಒಂದು ರೂಪಾಯಿಯ ಹಳೆಯ ಉಕ್ಕಿನ ನಾಣ್ಯ ಗಾಂಧಿ ಬಜಾರಿನಲ್ಲಿ ಚಿಲ್ಲರೆಯೊಂದಿಗೆ ಬಂದದ್ದು. ಅದರ ಮೌಲ್ಯದ ಮುಖದಲ್ಲಿ ಎಡಗಡೆಯ ತೆನೆಯ ಕೆಳಭಾಗವನ್ನು ಒಂದು ಮುದ್ದೆ ಮುಚ್ಚಿದೆ. ತಿರುಗಿಸಿದರೆ, ಅದಕ್ಕೆ ನೇರ ಬೆನ್ನಿಗಿರುವ ಜಾಗದಲ್ಲಿ ಅಂಚೂ ಚಿತ್ರವೂ ಮಾಸಿದಂತೆ ತೆಳುವಾಗಿವೆ. ಲೋಹವು ಒಡೆದ ಅಚ್ಚಿನ ಹಳ್ಳಕ್ಕೆ ನುಗ್ಗಿದ್ದರಿಂದ ಎದುರಿನ ಅಚ್ಚನ್ನು ತುಂಬಲು ಬೇಕಾದಷ್ಟು ಒತ್ತಡ ಅಲ್ಲಿ ಉಳಿಯಲಿಲ್ಲ. ದೊಡ್ಡ ಮುದ್ದೆಯಿದ್ದೂ ಬೆನ್ನಿನ ಭಾಗ ಚೊಕ್ಕವಾಗಿದ್ದರೆ ನಾನು ತೂಕಕ್ಕಿಡುತ್ತೇನೆ. ನಿಜವಾದ ಕಡ್‌ನಲ್ಲಿ ಲೋಹ ಸ್ಥಳ ಬದಲಿಸಿರುತ್ತದೆಯೇ ಹೊರತು ಹೆಚ್ಚಿರುವುದಿಲ್ಲ. ಈ ಬಗೆಯ 25 ಮಿಲಿಮೀಟರ್ ನಾಣ್ಯ 4.85 ಗ್ರಾಮಿನ ಆಸುಪಾಸಿನಲ್ಲೇ ತೂಗಬೇಕು. ಬೆಸುಗೆ ಹಾಕಿ ಕೂರಿಸಿದ ಮುದ್ದೆ ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ.

ಚಿಪ್‌ಗಳ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಸವಿಯ ಕೆಳಗೆ. ಅಲ್ಲಿ ನಾಣ್ಯ ಯಾವ ಟಂಕಸಾಲೆಯದೆಂಬ ಗುರುತಾಗಿ ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯಿಡಾಕ್ಕೆ ಚುಕ್ಕೆ ಇರುತ್ತದೆ. ಕೋಲ್ಕತ್ತಕ್ಕೆ ಗುರುತೇ ಇಲ್ಲ. ಕೋಲ್ಕತ್ತದ ನಾಣ್ಯದಲ್ಲಿ ಚಿಪ್ ಆ ಜಾಗದಲ್ಲೇ ಬಿದ್ದರೆ ಅದು ನೋಯಿಡಾದ್ದೆಂದು ಕಣ್ಣು ಮೋಸಹೋಗುತ್ತದೆ. ಟಂಕಸಾಲೆಯ ಚುಕ್ಕೆ ದುಂಡಗೆ, ಅಂಚು ಹರಿತವಾಗಿ ಇರುತ್ತದೆ. ಚಿಪ್‌ಗೆ ಆಕಾರದ ಹಂಗಿಲ್ಲ.

ಇಕ್ಕೇರಿ ವರಹಗಳನ್ನು ಕೂಡಿಡುವವರು ಈ ಅಳತೆಗೋಲನ್ನು ಅಲ್ಲಿಗೆ ಒಯ್ಯಬಾರದು. ಅವು ಕೈಯಿಂದ ಹೊಡೆದ ನಾಣ್ಯಗಳು. ಅಂಚಿನ ಏರುಪೇರು ಅವುಗಳ ಸಹಜ ಗುಣ.

ಒಂದೇ ಅಚ್ಚಿನ ಬಿರುಕು ಬೆಳೆಯುತ್ತ ಕಡ್ ಆಗುವವರೆಗಿನ ನಾಣ್ಯಗಳು ಸಿಕ್ಕರೆ ಅವನ್ನು ಬೇರೆ ಮಾಡದೆ ಹಂತದ ಕ್ರಮದಲ್ಲಿ ಜೋಡಿಸಿಡಿ. ಪಿವಿಸಿಯ ಮೆತ್ತನೆ ಕವರು ಮಲೆನಾಡಿನ ತೇವದಲ್ಲಿ ನಾಣ್ಯಕ್ಕೆ ಹಸಿರು ಜಿಗುಟು ಹತ್ತಿಸುವುದರಿಂದ ಅದನ್ನು ಬಿಟ್ಟು, ಕಾಗದದ ಹೋಲ್ಡರಿನಲ್ಲಿಟ್ಟು, ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಒಡಕಿನ ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆಯಿರಿ. ನನ್ನ ನಾಣ್ಯದ ಚೀಟಿಯಲ್ಲಿರುವುದು ಇಷ್ಟು: “1 ರೂಪಾಯಿ, ಉಕ್ಕು, ಮೌಲ್ಯದ ಮುಖ, ಕಡ್, 7ರಿಂದ 9 ಗಂಟೆ, ಬೆನ್ನಿನಲ್ಲಿ ಚಿತ್ರ ಮಾಸಿದೆ.”